ಆಟಿಕೆಯ ರೈಲು ಕಟ್ಟಿದ ಗುಮಾಸ್ತ: ಫ್ರಾಂಕ್ ಹಾರ್ನ್‌ಬಿ

(ಅಂತಿಮ ಬಿ.ಎ. ತರಗತಿ)

ಮಹಾಪುರುಷರ ಜೀವನಚರಿತ್ರೆ ಎಂದೊಡನೆ ನಮ್ಮ ಕಣ್ಣೆದುರಿಗೆ ರಾಜರು, ಯೋಧರು, ಸಂತರು, ದೇಶಭಕ್ತರು ಸಾಲುಗಟ್ಟಿ ಬಂದು ನಿಲ್ಲುತ್ತಾರೆ. ಮಕ್ಕಳ ಆಟದ ಸಾಮಾನು ಮಾಡಿದವನೊಬ್ಬನನ್ನು ಆ ಸಾಲಿನ ಕೊನೆಯಲ್ಲಿಯಾದರೂ ನಿಲ್ಲಿಸಲು ಹೊರಟರೆ ಕೆಲವರಿಗೆ ನಗು ಬಂದೀತು. ಬರಲಿ. ನಗು ಬರಿಸುವ ವಿಷಯಗಳಲ್ಲಿಯೂ ಕಲಿಯುವುದು ಉಂಟೆಂಬುದನ್ನು ನಾನು ಒಂದು ತಗಡಿನ ಡಬ್ಬಿಯಿಂದ ಕಲಿತೆನು. ಆ ಡಬ್ಬಿಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ, ವಾಚಕರು ಕ್ಷಮಿಸಬೇಕು.

ನನ್ನ ಊರು ಮಳವಳ್ಳಿ ತಾಲ್ಲೂಕಿನ ಬ್ಲಫ್. ಶಿವನಸಮುದ್ರದ ಗಗನಚುಕ್ಕಿಯನ್ನು ನೋಡಲು ಬಂದವರೆಲ್ಲರೂ ನಮ್ಮ ಊರನ್ನು ಹಾದುಹೋಗಿರುತ್ತಾರೆ. ಹೆಸರನ್ನು ನೆನಪಿಟ್ಟುಕೊಂಡವರು ಕಡಮೆ. ನಮ್ಮ ತಾಲ್ಲೂಕಿಗೆ ಇಂದಿಗೂ ರೈಲು ಬಂದಿಲ್ಲ. ರೈಲು ನೋಡಬೇಕಾದರೆ ಮದ್ದೂರಿಗೋ ಮಂಡ್ಯಕ್ಕೋ ಹೋಗಬೇಕು. ಆದರೂ ಬ್ಲಫಿನ ಹುಡುಗರಿಗೆ ಹಳಿ ಹೊಸದಲ್ಲ. ಮೇಲಿನ ದಿಣ್ಣೆಯಿಂದ ಕಣಿವೆಯೊಳಗಿನ ವಿದ್ಯುದಾಗಾರಕ್ಕೆ ಇಳಿಯಲು ಟ್ರಾಲಿಯ ಹಳಿಯನ್ನು ಹಾಕಿದ್ದಾರಷ್ಟೆ. ನನ್ನ ತಾತ ಅಲ್ಲಿ ಖಲಾಸಿಯಾಗಿದ್ದವರು. ಆ ಟ್ರಾಲಿಯಲ್ಲಿ ಇಳಿದು ಏರಿ ಅವರ ಆಯುಷ್ಯದ ಬಹುಭಾಗ ಕಳೆಯಿತು.

ಬಹಳ ಹಿಂದೆ, ನಮ್ಮ ತಂದೆ ಹುಡುಗನಾಗಿದ್ದಾಗ, ಎಂಜಿನಿಯರೊಬ್ಬರು ವರ್ಗವಾಗಿ ಹೋಗುವ ಮುನ್ನ ತಮ್ಮ ಮನೆಯ ಹಳೆಯ ಸಾಮಾನುಗಳ ನಡುವೆ ಒಂದು ಡಬ್ಬಿಯನ್ನು ತಾತನ ಕೈಗೆ ಕೊಟ್ಟರಂತೆ. ಒಳಗೆ ಸಾಲಾಗಿ ತೂತುಗಳಿದ್ದ ಹಸಿರು, ಕೆಂಪು ಬಣ್ಣದ ಪಟ್ಟಿಗಳು, ಸಣ್ಣ ಬೋಲ್ಟು ನಟ್ಟುಗಳು, ಹಿತ್ತಾಳೆಯ ಗಾಲಿಗಳು. ಮುಚ್ಚಳದ ಮೇಲೆ ಮೆಕ್ಯಾನೋ ಎಂಬ ಹೆಸರು. ತಂದೆ ಅದರಲ್ಲಿ ಆಡಿದರು; ಆಮೇಲೆ ನಾನೂ ನನ್ನ ತಂಗಿಯೂ ಆಡಿದೆವು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅವನೇ ಫ್ರಾಂಕ್ ಹಾರ್ನ್‌ಬಿ.

ಹಾರ್ನ್‌ಬಿಯು 1863ನೆಯ ಇಸವಿ ಮೇ 15ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ಲಿವರ್‌ಪೂಲ್ ಸಾಮಾನ್ಯ ಊರಲ್ಲ. ಎಂಜಿನ್ನು ಎಳೆಯುವ ರೈಲು ಎರಡು ದೊಡ್ಡ ನಗರಗಳ ನಡುವೆ ಜನರನ್ನು ಹೊತ್ತು ಕ್ರಮವಾಗಿ ಓಡಲು ತೊಡಗಿದ್ದು 1830ರಲ್ಲಿ, ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ. ಹಾರ್ನ್‌ಬಿ ಹುಟ್ಟಿದ ಕಾಪರಸ್ ಹಿಲ್ ಬೀದಿ ಆ ನಗರದ ಲೈಮ್ ಸ್ಟ್ರೀಟ್ ರೈಲು ನಿಲ್ದಾಣದ ಪಕ್ಕದಲ್ಲಿಯೇ ಇದೆ. ಹುಟ್ಟಿದಂದಿನಿಂದ ಎಂಜಿನ್ನಿನ ಸಿಳ್ಳನ್ನು ಕೇಳಿ ಬೆಳೆದ ಮಗು ಮುಂದೆ ರೈಲನ್ನೇ ಆಟವಾಗಿ ಮಾಡಿತೆಂದರೆ ಆಶ್ಚರ್ಯವೇನು?

ತಂದೆ ಜಾನ್ ಹಾರ್ನ್‌ಬಿ ದಿನಸಿ ವ್ಯಾಪಾರಿ. ಮಗನಿಗೆ ಶಾಲೆ ಹಿಡಿಸಲಿಲ್ಲ. ತಪ್ಪಿಸಿಕೊಂಡು ತಿರುಗಿದ್ದೂ ಉಂಟು. ಹದಿನಾರನೆಯ ವಯಸ್ಸಿಗೆ ಓದನ್ನು ಬಿಟ್ಟು ತಂದೆಯ ಅಂಗಡಿಯಲ್ಲಿ ನಗದು ಲೆಕ್ಕ ಬರೆಯಲು ಕುಳಿತನು. ಎಂಜಿನಿಯರಿಂಗ್ ವಿದ್ಯೆಯನ್ನು ಆತ ಯಾವ ಗುರುವಿನಿಂದಲೂ ಕಲಿಯಲಿಲ್ಲ. ಆದರೆ ಹುಡುಗನಾಗಿದ್ದಾಗ ಸ್ಯಾಮ್ಯುಯೆಲ್ ಸ್ಮೈಲ್ಸನ ಸೆಲ್ಫ್ ಹೆಲ್ಪ್ ಎಂಬ ಗ್ರಂಥ ಅವನ ಕೈಗೆ ಬಂದಿತ್ತು. ಬಡತನದಿಂದ ಮೇಲೆದ್ದ ಯಂತ್ರಕರ್ಮಿಗಳ ಕಥೆಗಳು ಅದರಲ್ಲಿ ತುಂಬಿವೆ. ಅವು ಹುಡುಗನ ತಲೆಯಲ್ಲಿ ಬೇರೂರಿದವು. ತಾನಾಗಿಯೇ ಸದಾ ಚಲಿಸುತ್ತಿರುವ ಯಂತ್ರವನ್ನು ಮಾಡಲೂ ಆತ ಹೆಣಗಿದನಂತೆ. ಅಂಥ ಯಂತ್ರ ಪ್ರಕೃತಿಯಲ್ಲಿ ಸಾಧ್ಯವಿಲ್ಲ, ಅದು ಆಗಲಿಲ್ಲ. ಆದರೆ ಆಗದ ಕೆಲಸದಲ್ಲಿ ಪಳಗಿದ ಕೈ ಆಗುವ ಕೆಲಸಕ್ಕೆ ಮುಂದೆ ಒದಗಿತು.

1887ರಲ್ಲಿ ಹಾರ್ನ್‌ಬಿಯು ಕ್ಲಾರಾ ಗಾಡ್‌ಫ್ರಾಯ್ ಎಂಬ ಶಾಲಾ ಉಪಾಧ್ಯಾಯಿನಿಯನ್ನು ವಿವಾಹವಾದನು. ರೋಲಂಡ್, ಡಗ್ಲಾಸ್ ಎಂಬ ಇಬ್ಬರು ಗಂಡುಮಕ್ಕಳೂ ಪೆಟ್ರೀಷಿಯಾ ಎಂಬ ಮಗಳೂ ಆದರು. 1899ರಲ್ಲಿ ತಂದೆ ತೀರಿಕೊಂಡನು, ಅಂಗಡಿ ಮುಚ್ಚಿತು. ಮೂವತ್ತಾರು ವರ್ಷದ ಸಂಸಾರಿ ಹಾರ್ನ್‌ಬಿಯು ಡೇವಿಡ್ ಹ್ಯೂ ಎಲಿಯಟ್ ಎಂಬ ಮಾಂಸದ ಆಮದು ವರ್ತಕನ ಬಳಿ ಗುಮಾಸ್ತನಾಗಿ ಸೇರಿಕೊಂಡನು. ಹಗಲು ಲೆಕ್ಕದ ಪುಸ್ತಕ. ರಾತ್ರಿ ಮನೆಯಲ್ಲಿ ಕತ್ತರಿ, ಅರ, ತಗಡು. ಮಕ್ಕಳಿಬ್ಬರಿಗಾಗಿ ಆತ ಸೇತುವೆ, ಬಂಡಿ, ಭಾರ ಎತ್ತುವ ಕ್ರೇನು ಮುಂತಾದುವನ್ನು ತಗಡಿನಲ್ಲಿ ಕತ್ತರಿಸಿ ಮಾಡಿಕೊಡುತ್ತಿದ್ದನು.

ಇಲ್ಲಿ ಒಂದು ತೊಡಕು ಬಂತು. ಕ್ರೇನಿಗೆಂದು ಕತ್ತರಿಸಿದ ತುಂಡು ಕ್ರೇನಿಗೆ ಮಾತ್ರ ಬರುತ್ತಿತ್ತು. ಮಕ್ಕಳು ನಾಳೆ ಬಂಡಿ ಬೇಕೆಂದರೆ ಎಲ್ಲವನ್ನೂ ಹೊಸದಾಗಿ ಕತ್ತರಿಸಬೇಕು. ಅಷ್ಟು ತಗಡಿಗೆ ಗುಮಾಸ್ತನ ಸಂಬಳವೆಲ್ಲಿ? ಕ್ರಿಸ್‌ಮಸ್ ಕಾಲದ ಒಂದು ರೈಲು ಪ್ರಯಾಣದಲ್ಲಿ, ಕಿಟಕಿಯಾಚೆ ಕಂಡ ಕ್ರೇನನ್ನು ನೋಡುತ್ತ ಕುಳಿತಿದ್ದಾಗ, ಇದಕ್ಕೆ ಪರಿಹಾರ ಹೊಳೆಯಿತೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಪರಿಹಾರ ಇಷ್ಟೆ: ಎಲ್ಲ ಪಟ್ಟಿಗಳೂ ಅರ್ಧ ಅಂಗುಲ ಅಗಲವಿರಲಿ, ಎಲ್ಲದರಲ್ಲಿಯೂ ಅರ್ಧ ಅಂಗುಲಕ್ಕೊಂದು ತೂತಿರಲಿ, ಎಲ್ಲ ತೂತುಗಳೂ ಒಂದೇ ಗಾತ್ರದವಾಗಿರಲಿ. ಆಗ ಯಾವ ಪಟ್ಟಿಯನ್ನಾದರೂ ಯಾವ ಪಟ್ಟಿಗಾದರೂ ಬಿಗಿಯಬಹುದು. ಇಂದಿನ ಕ್ರೇನು ನಾಳೆ ಬಿಚ್ಚಿದರೆ ಸೇತುವೆ, ನಾಳಿದ್ದು ರೈಲಿನ ವ್ಯಾಗನ್ನು.

ಕೇಳಿದರೆ ಇದೇನು ಮಹಾ ಎನ್ನಿಸುತ್ತದೆ. ಆದರೆ ಅಳತೆ ಒಂದಾಗದೆ ಬಿಡಿ ಭಾಗಗಳು ಒಂದಕ್ಕೊಂದು ಹೊಂದುವುದಿಲ್ಲ; ಹೊಂದದಿದ್ದರೆ ಎಷ್ಟು ತುಂಡುಗಳಿದ್ದರೂ ಅದು ಗುಜರಿಯೇ. ಕಾರ್ಖಾನೆಗಳಲ್ಲಿ ದೊಡ್ಡವರು ಪಾಲಿಸುತ್ತಿದ್ದ ಈ ತತ್ತ್ವವನ್ನು ಮಕ್ಕಳ ಅಂಗೈಗೆ ಇಳಿಸಿದ್ದು ಹಾರ್ನ್‌ಬಿಯ ಹಿರಿಮೆ.

ಹಕ್ಕುಪತ್ರ ಪಡೆಯಲು ಹಣವಿರಲಿಲ್ಲ. ಯಜಮಾನ ಎಲಿಯಟನಿಂದ 5 ಪೌಂಡು ಸಾಲ ಪಡೆದು, 1901ರ ಜನವರಿಯಲ್ಲಿ ತನ್ನ ಕಲ್ಪನೆಗೆ ಪೇಟೆಂಟ್ ಮಾಡಿಸಿದನು. ಎಲಿಯಟನು ಸಾಲ ಕೊಟ್ಟಿದ್ದಲ್ಲದೆ ತನ್ನ ಕಚೇರಿಯ ಪಕ್ಕದ ಖಾಲಿ ಜಾಗವನ್ನೂ ಕೊಟ್ಟು ಪಾಲುದಾರನಾದನು. ಗುಮಾಸ್ತನ ಮಾತಿಗೆ ಕಿವಿಗೊಟ್ಟ ಈ ಯಜಮಾನನನ್ನು ಚರಿತ್ರೆ ಮರೆಯಬಾರದು.

ಈ ವರ್ಷಗಳನ್ನು ಓದುವಾಗ ನನ್ನ ಮನಸ್ಸು ಲಿವರ್‌ಪೂಲನ್ನು ಬಿಟ್ಟು ನಮ್ಮೂರಿಗೆ ಹಾರಿತು. ಹಾರ್ನ್‌ಬಿಯು ಪೆಟ್ಟಿಗೆಗಳಲ್ಲಿ ಬಿಡಿ ಭಾಗಗಳನ್ನು ತುಂಬುತ್ತಿದ್ದ ಅದೇ ದಿನಗಳಲ್ಲಿ ಬ್ಲಫಿಗೂ ಪೆಟ್ಟಿಗೆಗಳು ಬರುತ್ತಿದ್ದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಂಕಲ್ಪದಿಂದ, ಎಂಜಿನಿಯರ್ ಲೋಟ್‌ಬಿನಿಯೇರ್ ಅವರ ಮೇಲ್ವಿಚಾರಣೆಯಲ್ಲಿ, ಕಾವೇರಿಯ ವಿದ್ಯುದಾಗಾರ ಏಳುತ್ತಿತ್ತು. ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಷರ್ ವೀಸ್ ಕಂಪನಿಯವು. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಅವೂ ಬಿಡಿ ಭಾಗಗಳಾಗಿಯೇ ಹಡಗು ಹತ್ತಿ, ರೈಲು ಹತ್ತಿ, ರೈಲುದಾರಿ ಮುಗಿದ ಮೇಲೆ ಎತ್ತಿನ ಗಾಡಿಯಲ್ಲಿ, ಆನೆಗಳ ಬಲದಲ್ಲಿ ಬಂದವು. ಬಂದ ಮೇಲೆ ಕಣಿವೆಯೊಳಗೆ ಅವನ್ನು ಒಂದೊಂದಾಗಿ ಜೋಡಿಸಿದರು. 1902ರ ಜೂನ್ 30ರಂದು ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು. ಹಾರ್ನ್‌ಬಿಯ ಮೊದಲ ಪೆಟ್ಟಿಗೆಗಳು ಅಂಗಡಿಗೆ ಬಂದದ್ದೂ ಹೆಚ್ಚುಕಡಮೆ ಅದೇ ಸಮಯದಲ್ಲಿ. ಒಂದು ಮಕ್ಕಳಾಟ, ಇನ್ನೊಂದು ನಾಡಿನ ಬೆಳಕು. ಎರಡರ ಒಳಗಿನ ಸೂತ್ರ ಮಾತ್ರ ಒಂದೇ: ದೂರದಲ್ಲಿ ಯಾರೋ ಅಳತೆಗೆ ಸರಿಯಾಗಿ ಮಾಡಿದ್ದನ್ನು ಇಲ್ಲಿ ಯಾರೋ ಸರಿಯಾಗಿ ಜೋಡಿಸಬೇಕು.

ಮೊದಲು ಆ ಆಟಿಕೆಗೆ ಮೆಕ್ಯಾನೋ ಎಂಬ ಹೆಸರಿರಲಿಲ್ಲ. ಯಂತ್ರಶಾಸ್ತ್ರ ಸುಲಭವಾಯಿತು ಎಂಬ ಅರ್ಥದ ಉದ್ದನೆಯ ಹೆಸರನ್ನು ಇಟ್ಟಿದ್ದನು. ಒಂದು ಪೆಟ್ಟಿಗೆಯಲ್ಲಿ 16 ಬಗೆಯ ಭಾಗಗಳು. ಜೊತೆಗೆ 12 ಮಾದರಿಗಳನ್ನು ಕಟ್ಟುವ ಬಗೆಯನ್ನು ತೋರುವ ಸಣ್ಣ ಕರಪತ್ರ. ಲಿವರ್‌ಪೂಲಿನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದ ಹೀಲ್-ಷಾ ಎಂಬ ವಿದ್ವಾಂಸನು ಇದನ್ನು ಮೆಚ್ಚಿ ಶಿಫಾರಸು ಬರೆದುಕೊಟ್ಟನು. ಶಾಲೆ ಬಿಟ್ಟವನ ಕೈಕೆಲಸಕ್ಕೆ ಪ್ರಾಧ್ಯಾಪಕನ ಮನ್ನಣೆ! ನಮ್ಮ ಅಧ್ಯಾಪಕ ವರ್ಗದವರು ಈ ಸಂಗತಿಯನ್ನು ಓದಿ ಸಂತೋಷಪಡುವರೆಂದು ನಂಬಿದ್ದೇನೆ.

ಮನ್ನಣೆ ಬಂದರೂ ಲಾಭ ಬರಲಿಲ್ಲ. 1903ರಲ್ಲಿ 1,500 ಪೆಟ್ಟಿಗೆಗಳು ಮಾರಾಟವಾದವು. ಕೈಯಲ್ಲಿ ಉಳಿದದ್ದೇನೂ ಇಲ್ಲ. ಮೊದಲ ಸಣ್ಣ ಲಾಭ ಕಂಡದ್ದು 1906ರಲ್ಲಿ. ಅಲ್ಲಿಯವರೆಗೆ ಆತ ಗುಮಾಸ್ತಿಕೆಯನ್ನು ಬಿಡಲಿಲ್ಲ. ಮಕ್ಕಳ ಹೊಟ್ಟೆಯನ್ನು ಪಣವಾಗಿಟ್ಟು ಸಾಹಸ ಮಾಡುವ ಮನುಷ್ಯನಲ್ಲ. 1907ರಲ್ಲಿ, ಬಿಡಿ ಭಾಗ ಮಾಡಿಕೊಡುತ್ತಿದ್ದವರು ಬೇಡಿಕೆಯನ್ನು ಪೂರೈಸಲಾರದೆ ಹೋದಾಗ, ಕೆಲಸವನ್ನು ಬಿಟ್ಟು, ಬ್ಯಾಂಕಿನಲ್ಲಿ ಸಾಲ ತೆಗೆದು, ಡ್ಯೂಕ್ ಸ್ಟ್ರೀಟಿನಲ್ಲಿ ತಾನೇ ತಯಾರಿಕೆಗೆ ತೊಡಗಿದನು. ಆಗ ಅವನಿಗೆ ನಲವತ್ತನಾಲ್ಕು ವರ್ಷ. ಅದೇ ವರ್ಷ ಮೆಕ್ಯಾನೋ ಎಂಬ ಹೆಸರು ನೋಂದಣಿಯಾಯಿತು. ಮಾಡಿ ತಿಳಿ ಎಂಬರ್ಥದ ಇಂಗ್ಲಿಷ್ ಮಾತಿನಿಂದ ಈ ಹೆಸರು ಹುಟ್ಟಿತೆಂದು ಹೇಳುವುದುಂಟು. ಮಾರನೆಯ ವರ್ಷ ಮೆಕ್ಯಾನೋ ಕಂಪನಿ ಸ್ಥಾಪನೆಗೊಂಡಿತು. ಎಲಿಯಟನು ಅದರಲ್ಲಿ ಸೇರದೆ ಹಿಂದುಳಿದನು.

ಅಲ್ಲಿಂದ ಮುಂದಿನದು ಏರಿಕೆಯ ಕಥೆ. ಮೆಕ್ಯಾನೋ ಪೆಟ್ಟಿಗೆಗಳು ಸಮುದ್ರ ದಾಟಿದವು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1916ರಲ್ಲಿ ಹುಡುಗರಿಗಾಗಿ ಮೆಕ್ಯಾನೋ ಮ್ಯಾಗಜಿನ್ ಎಂಬ ಪತ್ರಿಕೆ ಹೊರಟಿತು. ಪತ್ರಿಕೆಯೂ ಪೆಟ್ಟಿಗೆಯ ಚಿತ್ರಗಳೂ ಹುಡುಗರನ್ನೇ ಕುರಿತವು. ಹುಡುಗಿಯರ ನೆನಪು ಆ ಕಾಲದವರಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ನಟ್ಟು ಬಿಗಿಯುವುದರಲ್ಲಿ ತಂಗಿಯೇ ನನಗಿಂತ ಜಾಣೆ ಎಂಬುದನ್ನು ಇಲ್ಲಿ ದಾಖಲಿಸದಿದ್ದರೆ ಅನ್ಯಾಯವಾದೀತು.

ಈಗ ರೈಲಿನ ವಿಷಯ. ಮೊದಲ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಮಕ್ಕಳು ಆಡುತ್ತಿದ್ದ ಆಟಿಕೆ ರೈಲುಗಳಲ್ಲಿ ಬಹುಪಾಲು ಜರ್ಮನಿಯಲ್ಲಿ ತಯಾರಾದುವು. ಯುದ್ಧ ಆ ವ್ಯಾಪಾರವನ್ನು ನಿಲ್ಲಿಸಿತು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಹಾರ್ನ್‌ಬಿಯು ತನ್ನ ಹೆಸರಿನ ರೈಲನ್ನು ಹೊರತಂದನು. ಗಡಿಯಾರದಂತೆ ಕೀಲಿ ಕೊಟ್ಟರೆ ಓಡುವ ಎಂಜಿನ್ನು, ಹಿಂದೆ ವ್ಯಾಗನ್ನು. ವಿಶೇಷವೇನೆಂದರೆ ಈ ಮೊದಲ ರೈಲುಗಳನ್ನೂ ಮೆಕ್ಯಾನೋದ ನಟ್ಟು ಬೋಲ್ಟುಗಳಿಂದಲೇ ಜೋಡಿಸಲಾಗಿತ್ತು. ಹುಡುಗನು ವ್ಯಾಗನ್ನಿನ ಅಡಿಗಟ್ಟು, ಪಕ್ಕದ ತಗಡು, ಅಚ್ಚು, ಗಾಲಿ, ಕೊಂಡಿ ಎಲ್ಲವನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ ಮತ್ತೆ ಕಟ್ಟಬಹುದಾಗಿತ್ತು. ಮುರಿದ ಭಾಗಕ್ಕೆ ಬದಲಿ ಭಾಗವನ್ನು ತರಬಹುದಾಗಿತ್ತು. ಹಳಿಗಳ ನಡುವಣ ಅಂತರ ಒಂದೂಕಾಲು ಅಂಗುಲ. ರೈಲನ್ನು ಓಡಿಸಿ ಸಂತೋಷಪಡುವುದು ಒಂದು. ರೈಲು ಹೇಗೆ ರೈಲಾಯಿತೆಂದು ಕೈಯಿಂದ ತಿಳಿಯುವುದು ಇನ್ನೊಂದು. ಹಾರ್ನ್‌ಬಿಯು ಎರಡನೆಯದನ್ನೂ ಮಕ್ಕಳಿಗೆ ಕೊಟ್ಟನು. ಮುಂದಿನ ವರ್ಷಗಳಲ್ಲಿ ಅಗ್ಗಕ್ಕಾಗಿ ತಗಡಿನ ಕಿವಿಗಳನ್ನು ಮಡಿಸಿ ಜೋಡಿಸುವ ಪದ್ಧತಿ ಬಂದು, ಬಿಚ್ಚಿ ಕಟ್ಟುವ ಗುಣ ಕಡಮೆಯಾಯಿತು. ವ್ಯಾಪಾರ ಬೆಳೆಯಿತು; ಕಲಿಕೆ ಸ್ವಲ್ಪ ಸವೆಯಿತೆಂದು ನನ್ನ ಅಭಿಪ್ರಾಯ.

ಬಿಚ್ಚಿ ಕಟ್ಟುವುದರ ಬೆಲೆ ನನಗೆ ಹೇಗೆ ತಿಳಿಯಿತೆಂದು ಹೇಳಬೇಕು. ಕಳೆದ ವರ್ಷ ಕಾಲೇಜಿನ ವಸ್ತುಪ್ರದರ್ಶನಕ್ಕೆ ನಮ್ಮೂರ ಟ್ರಾಲಿಯ ಸಣ್ಣ ಮಾದರಿಯನ್ನು ಮಾಡಿಕೊಡುತ್ತೇನೆಂದು ಒಪ್ಪಿಕೊಂಡೆ. ಮನೆಯ ಡಬ್ಬಿಯಲ್ಲಿ ಅಂಚುಳ್ಳ ಗಾಲಿಗಳಿದ್ದವು. ಹಳಿಯಿಂದ ಜಾರದಂತೆ ತಡೆಯುವುದು ಈ ಅಂಚೇ. ಎರಡು ಉದ್ದ ಪಟ್ಟಿಗಳನ್ನು ಪಕ್ಕಕ್ಕಿಟ್ಟು, ಎರಡು ಗಿಡ್ಡ ಪಟ್ಟಿಗಳನ್ನು ಅಡ್ಡಕ್ಕಿಟ್ಟು, ಮೂಲೆ ಮೂಲೆಗೂ ನಟ್ಟು ಬಿಗಿದೆ. ತೂತುಗಳಲ್ಲಿ ಅಚ್ಚುಗಳನ್ನು ತೂರಿಸಿದೆ. ಆದರೆ ಗಾಲಿಗಳಿದ್ದದ್ದು ಮೂರೇ. ನಾಲ್ಕನೆಯದು ಯಾವ ಕಾಲದಲ್ಲಿ ಕಳೆದಿತ್ತೋ. ಒಂದು ಅಡ್ಡಪಟ್ಟಿಯೂ ತುಕ್ಕು ಹಿಡಿದು ಮುರಿಯಿತು.

ನಮ್ಮ ತಂದೆ ಓದಿದ್ದು ಏಳನೆಯ ತರಗತಿ. ಮಳವಳ್ಳಿಯ ಸುತ್ತಮುತ್ತ ರೈತರ ಪಂಪುಸೆಟ್ಟುಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಅವರು ಒಂದು ತಗಡಿನ ತುಂಡನ್ನು ತಂದು, ಹಳೆಯ ಪಟ್ಟಿಯನ್ನು ಅದರ ಮೇಲೆ ಅಂಟಿಸಿ ಹಿಡಿದು, ತೂತು ತೂತಿನಲ್ಲಿಯೂ ಮೊಳೆಯಿಂದ ಗುರುತು ಹೊಡೆದು, ತೂತು ಕೊರೆದರು. ಹೊಸ ಪಟ್ಟಿ ಹಳೆಯದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಅಲ್ಯೂಮಿನಿಯಂ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ನಾಲ್ಕನೆಯ ಗಾಲಿಯನ್ನೂ ಮಾಡಿದರು. ಅದಕ್ಕೆ ಎರಡು ಸಂಜೆ ಹಿಡಿಯಿತು.

ಆದರೂ ಬಂಡಿ ಓಡಲಿಲ್ಲ. ಹಲಗೆಯ ಮೇಲೆ ಬಡಿದಿದ್ದ ಕಂಬಿಗಳ ಮೇಲಿಟ್ಟು ಬಿಟ್ಟರೆ, ಗೇಣುದ್ದ ಹೋಗಿ ಹಳಿ ಏರಿ ಪಕ್ಕಕ್ಕೆ ಬೀಳುತ್ತಿತ್ತು. ತಂದೆ ಮಾಡಿದ ಗಾಲಿಯದೇ ದೋಷವೆಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಮುಖದಲ್ಲಿಯೂ ತೋರಿತೋ ಏನೋ. ಅವರು ಏನೂ ಹೇಳದೆ ಬಂಡಿಯನ್ನು ಅಡಿಗೆಮನೆಯ ಕಡಪಾ ಕಲ್ಲಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರು. ಬಂಡಿ ಕುಂಟಿತು. ದೋಷ ಗಾಲಿಯದಲ್ಲ, ನನ್ನದು. ನಾನು ಒಂದೊಂದೇ ಮೂಲೆಯನ್ನು ಪೂರ್ತಿ ಬಿಗಿಯುತ್ತ ಹೋಗಿದ್ದೆ. ಚೌಕಟ್ಟು ಸೊಟ್ಟಗಾಗಿ, ಎರಡು ಅಚ್ಚುಗಳೂ ಒಂದಕ್ಕೊಂದು ಸಮಾನಾಂತರವಾಗಿರಲಿಲ್ಲ. ಅವರು ಎಲ್ಲ ನಟ್ಟುಗಳನ್ನೂ ಸಡಿಲಿಸಿ, ನಾಲ್ಕು ಗಾಲಿಗಳೂ ಕಲ್ಲನ್ನು ಮುಟ್ಟುವಂತೆ ಬಂಡಿಯನ್ನು ತಾನಾಗಿಯೇ ಕೂರಲು ಬಿಟ್ಟು, ಆಮೇಲೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಸಿದರು. ದೊಡ್ಡ ಕೊಳವೆಗಳ ಬೋಲ್ಟುಗಳನ್ನು ವಿದ್ಯುದಾಗಾರದಲ್ಲಿ ಹೀಗೆಯೇ ಬಿಗಿಯುತ್ತಿದ್ದರೆಂದು ತಾತ ಅವರಿಗೆ ಹೇಳಿಕೊಟ್ಟಿದ್ದರಂತೆ. ಬಂಡಿ ಹಲಗೆಯ ಕೊನೆಯವರೆಗೆ ನಿಲ್ಲದೆ ಇಳಿಯಿತು.

ನಾನು ಆ ರಾತ್ರಿ ಬಹಳ ಹೊತ್ತು ನಿದ್ದೆ ಮಾಡಲಿಲ್ಲ. ಕಾಲೇಜಿಗೆ ಸೇರುವಾಗ ತುಂಬಿದ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಜಾಗದಲ್ಲಿ ನಾನು ವ್ಯವಸಾಯ ಎಂದು ಬರೆದಿದ್ದೆ. ನಮಗೆ ಭೂಮಿಯೇ ಇಲ್ಲ. ಗ್ರೀಸು ಮೆತ್ತಿದ ಕೈಯನ್ನು ಅರ್ಜಿಯ ಮೇಲೆ ತೋರಿಸಲು ನನಗೆ ನಾಚಿಕೆಯಾಗಿತ್ತು. ಲಿವರ್‌ಪೂಲಿನ ಗುಮಾಸ್ತನು ಅಳತೆಯ ತತ್ತ್ವವನ್ನು ಕಂಡುಹಿಡಿದನೆಂದು ಪುಸ್ತಕದಲ್ಲಿ ಓದಿ ಬೆರಗಾದವನು, ಅದೇ ತತ್ತ್ವವನ್ನು ಮೊಳೆಯ ತುದಿಯಲ್ಲಿ ಹಿಡಿದಿದ್ದ ಮನೆಯ ಮನುಷ್ಯನನ್ನು ಕಾಣದೆ ಹೋಗಿದ್ದೆ.

ಹಾರ್ನ್‌ಬಿಯ ಉಳಿದ ಕಥೆ ಸ್ವಲ್ಪವೇ ಇದೆ. 1925ರಲ್ಲಿ ವಿದ್ಯುತ್ತಿನಿಂದ ಓಡುವ ಹಾರ್ನ್‌ಬಿ ರೈಲು ಬಂದಿತು. 1930ರ ದಶಕದಲ್ಲಿ ಡಿಂಕಿ ಎಂಬ ಸಣ್ಣ ಮೋಟಾರುಗಳು ಬಂದವು. 5 ಪೌಂಡು ಸಾಲ ಮಾಡಿದವನು ಭಾರೀ ಶ್ರೀಮಂತನಾದನು. 1931ರಲ್ಲಿ ಲಿವರ್‌ಪೂಲಿನ ಎವರ್‌ಟನ್ ಕ್ಷೇತ್ರದಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿಹೋಗಿ 1935ರವರೆಗೆ ಸದಸ್ಯನಾಗಿದ್ದನು. ಜನರು ಅವನನ್ನು ನೆನೆಯುವುದು ಮಾತ್ರ ಅದಕ್ಕಾಗಿ ಅಲ್ಲ. ಹೃದಯದ ಕಾಯಿಲೆ, ಮಧುಮೇಹಗಳಿಂದ ಬಳಲಿ 1936ರ ಸೆಪ್ಟೆಂಬರ್ 21ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಇನ್ನೂ ಚಿಕ್ಕ ಅಳತೆಯ ಹಾರ್ನ್‌ಬಿ ಡಬ್ಲೋ ರೈಲು ಪೇಟೆಗೆ ಬಂದದ್ದು 1938ರಲ್ಲಿ. ಅದನ್ನು ನೋಡಲು ಆತ ಇರಲಿಲ್ಲ. ಕಟ್ಟಿದವರೆಲ್ಲರಿಗೂ ಕಟ್ಟಿದ್ದು ಪೂರ್ತಿಯಾದದ್ದನ್ನು ನೋಡುವ ಭಾಗ್ಯವಿರುವುದಿಲ್ಲವಷ್ಟೆ. 1964ರಲ್ಲಿ ಕಂಪನಿ ಬೇರೆಯವರ ಕೈಸೇರಿತು. 1979ರಲ್ಲಿ ಬಿನ್ಸ್ ರೋಡಿನ ಕಾರ್ಖಾನೆ ಮುಚ್ಚಿತು. ಆದರೆ ಹೆಸರುಗಳು ಅಳಿಯಲಿಲ್ಲ. ಹಾರ್ನ್‌ಬಿ ಎಂಬ ಹೆಸರಿನ ಮಾದರಿ ರೈಲುಗಳು ಈಗಲೂ ತಯಾರಾಗುತ್ತಿವೆ.

ಈ ಮನುಷ್ಯನ ಜೀವನದಿಂದ ನಾವು ಕಲಿಯಬೇಕಾದದ್ದೇನು? ಶಾಲೆಯನ್ನು ಬಿಡಬೇಕೆಂದಲ್ಲ, ನಮ್ಮ ಮನೆತನದಲ್ಲಿ ಮೊದಲನೆಯವನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಾನು ಆ ಮಾತನ್ನು ಆಡಲಾರೆ. ಅದಕ್ಕೆ ತಂದೆಯೂ ಒಪ್ಪುವುದಿಲ್ಲ. ವಿದ್ಯೆ ಪುಸ್ತಕದಲ್ಲಿಯೂ ಇದೆ, ಬೆರಳ ತುದಿಯಲ್ಲಿಯೂ ಇದೆ. ಎರಡರ ತೂತುಗಳೂ ಒಂದೇ ಅಂತರದಲ್ಲಿದ್ದರೆ ಒಂದನ್ನು ಇನ್ನೊಂದಕ್ಕೆ ಬಿಗಿಯಬಹುದು. ನಾವು ಓದಿದವರು ಮಾಡಬೇಕಾದ ಕೆಲಸ ಬಹುಶಃ ಇದೇ.

ಪ್ರದರ್ಶನ ಮುಗಿದ ಮೇಲೆ ಬಂಡಿಯನ್ನು ಬಿಚ್ಚಿ, ಭಾಗಗಳನ್ನು ಎಣಿಸಿ, ಡಬ್ಬಿಗೆ ತುಂಬಿ ಊರಿಗೆ ತೆಗೆದುಕೊಂಡು ಹೋದೆ. ಮೂರು ಹಿತ್ತಾಳೆಯ ಗಾಲಿಗಳ ಜೊತೆ ನಾಲ್ಕನೆಯ ಬಿಳಿಯ ಗಾಲಿಯೂ ಅದರಲ್ಲಿದೆ. ಈ ವರ್ಷ ಪರೀಕ್ಷೆಯ ಅರ್ಜಿಯನ್ನೂ ವಿದ್ಯಾರ್ಥಿವೇತನದ ಅರ್ಜಿಯನ್ನೂ ತುಂಬಿದೆ. ತಂದೆಯ ಉದ್ಯೋಗವೆಂಬಲ್ಲಿ ಪಂಪುಸೆಟ್ಟು ರಿಪೇರಿ ಎಂದು ಬರೆದಿದ್ದೇನೆ.